ನಾಲ್ಕನೇ ಕಿಟಕಿಯ ಮುತ್ತಕ್ಕ

ನಗರಸಭೆಯ ನಾಲ್ಕನೇ ಕಿಟಕಿ ಮರಣ ನೋಂದಣಿಯದು. ಮೂರು ವರ್ಷಕ್ಕೊಮ್ಮೆ ಸಿಬ್ಬಂದಿ ಕಿಟಕಿ ಬದಲಾಯಿಸಬೇಕೆಂಬ ನಿಯಮವನ್ನು ಚೌಕಟ್ಟು ಹಾಕಿಸಿ ಗೋಡೆಗೇ ನೇತುಹಾಕಿದ್ದಾರೆ. ಆದರೂ ಒಂಬತ್ತು ವರ್ಷದಿಂದ ಅಲ್ಲಿ ಕೂತಿರುವವಳು ಒಬ್ಬಳೇ. ಅಕ್ಷರ ಮುತ್ತು ಪೋಣಿಸಿದಂತಿರುವುದರಿಂದ ಎಲ್ಲರಿಗೂ ಅವಳು ಮುತ್ತಕ್ಕ.

ಹೋದ ವಾರ ಅವಳ ಸೋದರತ್ತೆ ತೀರಿಕೊಂಡರು. ಫೋನಿನಲ್ಲಿ ತಂಗಿ ಬಿಕ್ಕುತ್ತಿದ್ದಳು. ಮುತ್ತಕ್ಕ ಕೇಳಿದ್ದು ಇಷ್ಟೇ: "ಎಷ್ಟು ಗಂಟೆಗೆ? ಮನೇಲಾ, ಆಸ್ಪತ್ರೇಲಾ?"

ಬಿಕ್ಕುವುದು ನಿಂತಿತು. "ಅಕ್ಕಾ, ನಿನ್ನ ಎತ್ತಿ ಆಡಿಸ್ದೋರು ಅವ್ರು," ಎಂದು ತಂಗಿ ಫೋನ್ ಇಟ್ಟುಬಿಟ್ಟಳು.

ಮುತ್ತಕ್ಕ ಕನ್ನಡಿಯ ಮುಂದೆ ನಿಂತು ಅಳುವಿಗಾಗಿ ಕಾದಳು. ಕುಕ್ಕರ್ ಮೂರು ಸಲ ಕೂಗಿತು. ಹೋಗಿ ಆರಿಸಿದಳು.

ಸೋಮವಾರ ನೇರ ಸಾಹೇಬರ ಮುಂದೆ ನಿಂತಳು. ಏನು ಕೇಳಿದರೂ 'ಆಮೇಲೆ ನೋಡೋಣ' ಎನ್ನುವ ಅವರಿಗೆ ಬೆನ್ನ ಹಿಂದೆ ಆಮೇಲೆ ಸಾಹೇಬ್ರು ಅಂತಲೇ ಹೆಸರು.

"ಸಾರ್, ನಂಗೆ ಏಳನೇ ಕಿಟಕಿ ಕೊಡಿ. ನಾಯಿ ಲೈಸೆನ್ಸು. ಅಲ್ಲಿಗೆ ಬರೋರು ನಗ್ತಾ ಬರ್ತಾರೆ."

"ಇಲ್ಲೇನಮ್ಮಾ ತೊಂದ್ರೆ? ಬೇರೆಯೋರ್ನ ಕೂರ್ಸಿದ್ರೆ ಜನದ ಜೊತೆ ತಾವೂ ಅಳ್ತಾರೆ. ನೀವು ಅಳಲ್ಲ."

"ಅದೇ ಸಾರ್ ತೊಂದ್ರೆ."

ಸಾಹೇಬರು ಕಡತ ಬಿಚ್ಚಿದರು. ವರ್ಷಕ್ಕೊಂದರಂತೆ ಸಿಬ್ಬಂದಿ ಕ್ಷೇಮದ ನಮೂನೆಗಳು. 'ಕೆಲಸದಿಂದ ಮನಸ್ಸಿಗೆ ತೊಂದರೆ ಇದೆಯೇ?' ಎಂಬುದರ ಎದುರು ಮುತ್ತಿನಂಥ ಅಕ್ಷರದಲ್ಲಿ 'ಇಲ್ಲ'. ಒಂಬತ್ತು ಸಲ.

ಅವಳದ್ದಷ್ಟೇ ಅಲ್ಲ, ಕಚೇರಿಯ ಇಪ್ಪತ್ತಾರು ಜನರದ್ದೂ ಅದೇ ಅಕ್ಷರ. ಎಲ್ಲರೂ ತಂತಮ್ಮ ಹೆಸರು ಅಚ್ಚಾಗಿ ಬಂದ ಖಾಲಿ ನಮೂನೆಗೆ ಸಹಿ ಗೀಚಿ ಅವಳ ಮೇಜಿಗೆ ತಳ್ಳುವುದು, ಅವಳು ಒಂದೇ ಬೀಸಿಗೆ ತುಂಬುವುದು ರೂಢಿ.

"ಈ ವರ್ಷದ್ದು ಇವತ್ತೇ ಕೊನೆ," ಎಂದರು ಸಾಹೇಬರು. "ನಿಮ್ದ್ರಲ್ಲಿ 'ಇದೆ' ಅಂತ ಬರ್ಕೊಡಿ, ನಾಳೆನೇ ಆರ್ಡರ್ ಹಾಕ್ತೀನಿ. ತಲೆಗೆ ಒಂದೇ ನಮೂನೆ. ಚಿತ್ತು ಗಿತ್ತು ಮಾಡಿದ್ರೆ ಮೇಲಿನೋರು ತಗೊಳಲ್ಲ, ಇನ್ನು ಮುಂದಿನ ವರ್ಷಾನೇ."

"ಚಿತ್ತಿನ ವಿಷ್ಯ ನಂಗ್ ಹೇಳ್ತೀರಾ ಸಾರ್?" ಚಿತ್ತಾದ ಎಷ್ಟು ಅರ್ಜಿಗಳನ್ನು ಅವಳೇ ಅಳುವವರ ಕೈಗೆ ವಾಪಸ್ ಇಟ್ಟಿದ್ದಳೋ.

ವಾಪಸ್ ಬಂದರೆ ಅವಳ ಮೇಜಿನ ಮೇಲೆ ಆಗಲೇ ನಮೂನೆಗಳ ಕಟ್ಟು ಬಂದು ಬಿದ್ದಿತ್ತು. ಪಕ್ಕದ ನೀರಿನ ಕಿಟಕಿಯವನು ಕೂಗಿ ಹೇಳಿದ, "ಮುತ್ತಕ್ಕ, ನಂದೂ ಗೀಚ್ಬಿಡಿ. ಕುರ್ಚಿಗೆ ಮೂರೇ ಕಾಲು ಅಂತ ಬರ್ಯೋಕೆ ಜಾಗ ಎಲ್ಲಿದೆ ಅದ್ರಲ್ಲಿ."

ತನ್ನದನ್ನು ಬೇರೆ ತೆಗೆದಿಡಬೇಕು ಅಂದುಕೊಂಡಳು. ಅಷ್ಟರಲ್ಲಿ ಕಿಟಕಿಗೆ ಒಬ್ಬಳು ಬಂದಳು, ತನ್ನ ಮಗುವಿನದು ಬರೆಸಲು. ಅದನ್ನು ಮುಗಿಸಿ ಪೆನ್ನು ಹಿಡಿದಳು. ಇಲ್ಲ. ಇಲ್ಲ. ಇಲ್ಲ. ಹನ್ನೊಂದನೆಯದನ್ನು ತುಂಬಿ ಹೆಸರು ನೋಡಿದರೆ ತನ್ನದೇ.

ಶಾಯಿ ಇನ್ನೂ ಹಸಿಯಾಗಿತ್ತು. ಸ್ವಲ್ಪ ಹೊತ್ತು ನೋಡಿದಳು. ಆಗಲೂ ಅಳು ಬರಲಿಲ್ಲ. ಊದಿ ಒಣಗಿಸಿ, ಕಟ್ಟಿನ ಕೆಳಗೆ ಸೇರಿಸಿ, ಹನ್ನೆರಡನೆಯದನ್ನು ಎಳೆದುಕೊಂಡಳು.

ಮುದುಕರೊಬ್ಬರು ಗಾಜಿಗೆ ಬೆರಳು ತಟ್ಟಿದರು. "ಇಲ್ಲೇನಮ್ಮಾ, ಹೆಂಡ್ತಿದು ಬರ್ಸೋದು?"

"ಇಲ್ಲೇ," ಎಂದಳು ಮುತ್ತಕ್ಕ, ತಲೆ ಎತ್ತದೆ. "ಎಷ್ಟು ಗಂಟೆಗೆ? ಮನೇಲಾ, ಆಸ್ಪತ್ರೇಲಾ?"