ಕಾಂತರಾಜನ ತೋಳು

ಚಟ್ಟದ ಮುಂದಿನ ಬಿದಿರನ್ನು ಹೆಗಲಿಗೇರಿಸಿಕೊಂಡ ಕೋದಂಡಪ್ಪ ಊರು ದಾಟಿದರೂ ಬಿಟ್ಟುಕೊಡಲಿಲ್ಲ.

"ಬುಡಣ್ಣ, ಒಸಿ ದೂರ ನಾನ್ ಇಡ್ಕೊಂತೀನಿ," ಎಂದು ಪಕ್ಕದ ಮನೆಯ ಮುನಿರಾಜು ಕೈ ಚಾಚಿದ.

"ಬ್ಯಾಡ. ನನ್ ತಮ್ಮನ್ನ ನಾನೇ ಒತ್ಕೊಂಡೋಗ್ತೀನಿ."

ಕಾಂತರಾಜ ತೀರಾ ಹಗುರವಾಗಿದ್ದ. ಇಪ್ಪತ್ತು ವರ್ಷ ಅಣ್ಣತಮ್ಮಂದಿರಿಬ್ಬರೂ ಚಿನ್ನದ ಗಣಿಯ ಊರಿಗಾಂ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿ ಬಂಗಾರಪೇಟೆ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿದವರು. ಒಂದೇ ಸಲಕ್ಕೆ ಮೂರು ಟೊಮೇಟೊ ಬಾಕ್ಸು ಎತ್ತುತ್ತಿದ್ದ ಆಳು ಅವನು.

*

ಹೋದ ತಿಂಗಳು ಲಾರಿಯ ಪಕ್ಕದಲ್ಲಿ ಅವನು ಒಂದು ಬಾಕ್ಸು ಇಳಿಸಿ ನೆಲಕ್ಕೆ ಕೂತುಬಿಟ್ಟಿದ್ದ. ಕಣ್ಣಿನ ರೆಪ್ಪೆ ಊದಿತ್ತು.

"ಕೈನಾಗೆ ಸತ್ವ ಇಲ್ಲಣ್ಣ. ತೊಡೆ ಎಲ್ಲಾ ಕಿತ್ಕೊಂಡ್ ಬತ್ತೈತೆ."

"ಕುಡಿದಿದ್ದು ಇನ್ನೂ ಇಳಿದಿಲ್ಲ. ಸೋಮಾರಿ, ಏಳ್ಲಾ ಮ್ಯಾಲೆ. ಎಲ್ರೂ ನೋಡ್ತವ್ರೆ."

"ಕುಡಿದಿಲ್ಲ ಕಣಣ್ಣ."

ಆದರೂ ಎದ್ದ. ಅಣ್ಣನಿಗೆ ಎದುರಾಡಿ ಅಭ್ಯಾಸವಿರಲಿಲ್ಲ. ಮುಂದಿನ ಹತ್ತು ದಿನವೂ ಹಾಗೆಯೇ ಎದ್ದ. ಹನ್ನೊಂದನೆಯ ದಿನ ಲಾರಿಗೆ ಒರಗಿದವನು ಕುಸಿದ. ಬೆಂಗಳೂರಿನ ಆಸ್ಪತ್ರೆಯವರು ತೋಳಿನಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬಂದ ದಿನವೇ ಅವನ ಹೃದಯ ಸೋತಿತು.

*

ಮಣ್ಣು ಮಾಡಿ, ಮಿಂದು ಬಂದವರು ಜಗಲಿಯಲ್ಲಿ ಕೂತರು. ಕಾಂತರಾಜನ ಹೆಂಡತಿ ಇಂದ್ರಾಣಿ ಬಾಗಿಲಿಗೆ ಒರಗಿದ್ದಳು. ಮಗಳು ಲಿಖಿತ ರಾಬರ್ಟ್‌ಸನ್‌ಪೇಟೆಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆಯ ಕೆಲಸದವಳು.

"ಅದೇನೋ ಉಳ ಅಂದ್ರಂತಲ್ಲಮ್ಮ?" ಕೋದಂಡಪ್ಪ ಕೇಳಿದ.

"ಸರಿಯಾಗಿ ಬೇಯಿಸ್ದಿರೋ ಹಂದಿ ಮಾಂಸದಿಂದ ಬರುತ್ತೆ ದೊಡ್ಡಪ್ಪ. ಮರಿಹುಳ ರಕ್ತದಲ್ಲಿ ಹೋಗಿ ತೋಳು, ತೊಡೆ ಮಾಂಸಕ್ಕೆ ಸೇರ್ಕೊಳ್ಳುತ್ತೆ. ಒಂದೊಂದು ಜೀವಕೋಶದೊಳಗೂ ಒಂದೊಂದು. ಆಮೇಲೆ ಆ ಕೋಶದ ರಸಾಯನಾನೇ ಬದಲಾಯಿಸಿಬಿಡುತ್ತೆ. ಕೋಶ ತನ್ನ ಕೆಲಸ ಮರೆತು, ಸುತ್ತ ಗೋಡೆ ಕಟ್ಕೊಂಡು, ಹುಳಾನ ಸಾಕೋಕೆ ನಿಲ್ಲುತ್ತೆ."

"ಅಂಗಾದ್ರೆ ಆವತ್ತು ಲಾರಿ ತಾವ..."

"ಅಪ್ಪ ಸೋಮಾರಿ ಆಗಿರ್ಲಿಲ್ಲ. ಗುಂಡಿಗೆನೂ ಊದಿತ್ತಂತೆ. ಆಗ್ಲೇ ಮಲಗಿಸ್ಬೇಕಿತ್ತು ಅಂದ್ರು ಡಾಕ್ಟ್ರು."

ಇಂದ್ರಾಣಿ ಬಾಗಿಲಿನಿಂದಲೇ ಕೇಳಿದಳು: "ಆವತ್ತು ನೀವೆಲ್ಲ ತಿಂದ ಆ ಹಂದಿ ಮಾಂಸ ತಂದೋರು ಯಾರು ಬಾವ?"

ತಮ್ಮ ಲಾರಿಯ ಪಕ್ಕ ಕೂತುಬಿಡುವ ಎರಡು ವಾರ ಮುಂಚೆ, ಗಣಿಯ ಮಣ್ಣುದಿಬ್ಬದ ಹಿಂದೆ ಯಾರೋ ಹಿಡಿದ ಹಂದಿ. ಮುನಿರಾಜುವೂ ಸೇರಿ ನಾಲ್ಕಾರು ಜನ ಕೆಂಡದ ಮೇಲೆ ಸುಟ್ಟದ್ದು. ಹೊರಗೆ ಕಪ್ಪಗೆ, ಒಳಗೆ ಇನ್ನೂ ಕೆಂಪಗೆ. ತಮ್ಮನಿಗೆ ಮೆತ್ತಗಿರುವುದೇ ಇಷ್ಟವೆಂದು ಅದೇ ತುಂಡನ್ನು ಆರಿಸಿದ್ದ ಕೋದಂಡಪ್ಪ.

"ನಾನೇ ಕಣಮ್ಮ," ಎಂದ. "ಬೇಯೋಕ್ ಮುಂಚೆ ತೆಗೆದು ಅವನ ಎಲೆಗೆ ಆಕ್ದೋನೂ ನಾನೇ."

ಇಂದ್ರಾಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಲಿಖಿತ ಸ್ವಲ್ಪ ಹೊತ್ತಿಗೆ ತನ್ನ ಬ್ಯಾಗು ತಂದಳು. "ತಿಂದೋರೆಲ್ಲ ರಕ್ತ ಕೊಡ್ಬೇಕು. ಇದಕ್ಕೆ ಮಾತ್ರೆ ಇದೆ."

ಮುನಿರಾಜು ಅಂಗಿಯ ತೋಳು ಮಡಿಸುತ್ತಾ ಮುಂದೆ ಬಂದ. ಆದರೆ ಲಿಖಿತ ಮೊದಲು ದೊಡ್ಡಪ್ಪನ ಮುಂದೆಯೇ ಕೂತಳು. ಮೊಣಕೈ ಮೇಲೆ ರಬ್ಬರು ಬಿಗಿದಳು.

"ಮುಷ್ಟಿ ಕಟ್ಟು ದೊಡ್ಡಪ್ಪ."

ನರ ಉಬ್ಬಿತು. ಸೂಜಿ ಒಳಹೋಗಿ, ಕೊಳವೆ ತುಂಬಿತು.

"ಆಯ್ತು. ಬಿಡು."

ಅವನು ಮುಷ್ಟಿ ಬಿಡಲಿಲ್ಲ. ಇನ್ನೊಮ್ಮೆ ಹೇಳಿದಳು. ಆಮೇಲೆ ಸೂಜಿ ತೆಗೆದು, ಹತ್ತಿಯನ್ನು ಒತ್ತಿಹಿಡಿದು, ಇನ್ನೊಂದು ಕೈಯಿಂದ ಅವನ ಒಂದೊಂದೇ ಬೆರಳನ್ನು ಬಿಡಿಸತೊಡಗಿದಳು.