ಕೆನೆಹಾಲು ನಿಲ್ಲಿಸಿದ ಮೇಲೆ

ಸೂಜಿಗೆ ದಾರ ಪೋಣಿಸಿಕೊಡಲು ಹೊಲಿಗೆ ಯಂತ್ರದ ದೀಪದ ಹತ್ತಿರ ತಮ್ಮ ಬಗ್ಗಿದಾಗ ಅಕ್ಕ ಅವನನ್ನೇ ದಿಟ್ಟಿಸಿದಳು. ಅವನ ಕಣ್ಣು ಹಳದಿಯಾಗಿತ್ತು.

"ಏನಕ್ಕ ಹಾಗೆ ನೋಡ್ತೀಯ? ಗೋಡೆಗೆ ಬಳಿಯೋ ಬಣ್ಣ ಕಣ್ಣಿಗೂ ಮೆತ್ಕೊಂಡಿದೆಯಾ?"

ಬಣ್ಣ ಬಳಿಯುವವನಿಗೆ ಸಾಯುವ ಹೊತ್ತಲ್ಲೂ ತಮಾಷೆ. ಅಕ್ಕನಿಗೆ ನಗು ಬರಲಿಲ್ಲ.

ಅವನ ಶ್ವಾಸಕೋಶದಲ್ಲಿ ಫಂಗಸ್ ಬೆಳೆದಿತ್ತು. ಅದಕ್ಕೆ ನಾಟುವುದು ಒಂದೇ ಒಂದು ಮಾತ್ರೆ, ಅದನ್ನು ಖಾಲಿ ಹೊಟ್ಟೆಯಲ್ಲೇ ಕೊಡಬೇಕು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಆದರೆ ತಾಯಿ ಹೋದ ಮೇಲೆ ತಾನೇ ಎತ್ತಿ ಆಡಿಸಿದವನು ಮಾತ್ರೆ ನುಂಗಿ ಹೊಟ್ಟೆ ಹಿಡಿದುಕೊಂಡು ಓಕರಿಸುತ್ತಿದ್ದರೆ ಸುಮ್ಮನಿರಲು ಅಕ್ಕನೇನು ಕಲ್ಲೇ? ದಪ್ಪ ಕೆನೆ ಕಟ್ಟಿದ ಹಾಲಿನ ಜೊತೆ ಕೊಟ್ಟಳು. ಓಕರಿಕೆ ನಿಂತಿತು. ಡಾಕ್ಟರಿಗೆ ಹೊಳೆಯದ್ದು ತನಗೆ ಹೊಳೆಯಿತೆಂದು ಒಳಗೊಳಗೇ ಬೀಗಿದಳು ಕೂಡ.

ಆಮೇಲೆ ರಕ್ತ ಪರೀಕ್ಷೆಯಲ್ಲಿ ಮದ್ದಿನ ಮಟ್ಟ ಸಾಲದು ಎಂದು ಬಂತು.

"ಖಾಲಿ ಹೊಟ್ಟೇಲೇ ತಾನೆ ಕೊಡ್ತಿರೋದು?" ಡಾಕ್ಟರಮ್ಮ ಕೇಳಿದರು.

ಬೈಗುಳಕ್ಕೆ ಹೆದರಿ ಅಕ್ಕ ಹೌದೆಂದು ತಲೆಯಾಡಿಸಿಬಿಟ್ಟಳು. ಕೆಲವರ ಲಿವರ್ ಹುಟ್ಟಿನಿಂದಲೇ ಈ ಮದ್ದನ್ನು ಬೇಗ ಕರಗಿಸಿಬಿಡುತ್ತದೆ, ಇವನೂ ಹಾಗೇ ಇರಬೇಕು ಎಂದುಕೊಂಡ ಡಾಕ್ಟರಮ್ಮ ಮಾತ್ರೆ ಹೆಚ್ಚಿಸಿದರು. ಅಕ್ಕನೂ ಮನೆಗೆ ಬಂದವಳೇ ಬುದ್ಧಿ ಕಲಿತು ಹಾಲು ನಿಲ್ಲಿಸಿದಳು. ಒಂದೇ ತಪ್ಪನ್ನು ಇಬ್ಬರೂ ತಿದ್ದಿದ್ದರು, ಒಬ್ಬರದು ಇನ್ನೊಬ್ಬರಿಗೆ ತಿಳಿಯದಂತೆ.

ಈಗ ಆಸ್ಪತ್ರೆಯ ಕೋಣೆಯಲ್ಲಿ ಅಕ್ಕ ತಮ್ಮ ಇಬ್ಬರ ಎದುರಲ್ಲೇ ಡಾಕ್ಟರಮ್ಮ ಹೊಸ ರಿಪೋರ್ಟ್ ನೋಡಿ ತಲೆ ಕೊಡವಿದರು. "ಮದ್ದಿನ ಮಟ್ಟ ಮಿತಿ ಮೀರಿದೆ. ಲಿವರ್‌ಗೆ ಹೊಡೆತ ಬಿದ್ದಿದೆ. ಈ ಮದ್ದು ಇವರಿಗೆ ಒಗ್ಗಲ್ಲ, ಇನ್ನು ಯಾವತ್ತೂ ಕೊಡೋ ಹಾಗಿಲ್ಲ."

ಯಾವತ್ತೂ ಇಲ್ಲ ಎಂದರೆ ತಮ್ಮ ಇಲ್ಲ. ಅಕ್ಕ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಮ್ಮಾ, ತಪ್ಪು ಮದ್ದಿನದ್ದಲ್ಲ, ನಂದು. ಅವತ್ತು ಸುಳ್ಳು ಹೇಳಿದೆ. ಮೊದಲು ಕೆನೆಹಾಲಲ್ಲಿ ಕೊಡ್ತಿದ್ದೆ. ನೀವು ಜಾಸ್ತಿ ಮಾಡಿದ ದಿನಾನೇ ನಿಲ್ಲಿಸ್ದೆ."

ಡಾಕ್ಟರಮ್ಮ ಹಳೆಯ ರಿಪೋರ್ಟನ್ನು ತೆಗೆದು ಹೊಸದರ ಪಕ್ಕ ಇಟ್ಟು ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಕೊಬ್ಬು ಮದ್ದನ್ನ ರಕ್ತಕ್ಕೆ ಸೇರೋಕೆ ಬಿಡಲ್ಲಮ್ಮ. ಇದನ್ನ ಅವತ್ತೇ ಹೇಳಿದ್ರೆ ನಾನು ಹೆಚ್ಚಿಸ್ತಾನೇ ಇರ್ಲಿಲ್ಲ." ಆಮೇಲೆ ದನಿ ತಗ್ಗಿಸಿದರು. "ಸರಿ, ಲಿವರ್ ಸುಧಾರಿಸಿದ್ರೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡ್ಬಹುದು. ಅಲ್ಲೀವರೆಗೆ ನಿಲ್ಲಿಸ್ಲೇಬೇಕು."

"ಅಲ್ಲೀವರೆಗೆ ಆ ಫಂಗಸ್ಸು ಸುಮ್ನಿರುತ್ತಾ?"

ತಮ್ಮ ಕೆಮ್ಮಿ ಕೆಮ್ಮಿ ಟವೆಲ್ ಬಾಯಿಗೊತ್ತಿಕೊಂಡ. ಟವೆಲಿನ ಮೇಲೆ ರಕ್ತ ಮೂಡಿತು. ಅದನ್ನು ಮಡಚಿ ಮುಚ್ಚಿಟ್ಟು, ಉಸಿರು ಹಿಡಿದುಕೊಂಡು ಹೇಳಿದ:

"ಅಕ್ಕನಿಗೆ ಏನೂ ಅನ್ಬೇಡಿ ಡಾಕ್ಟ್ರೇ. ಹಾಲು ಬೇಕು ಅಂತ ಹಟ ಮಾಡಿದ್ದು ನಾನೇ."

ಅವನು ಒಂದು ದಿನವೂ ಹಾಲು ಕೇಳಿದವನಲ್ಲ. ಅಕ್ಕ ಅಲ್ಲೇ ನೆಲದ ಮೇಲೆ ಕುಸಿದು, ಅವನ ಮೊಣಕಾಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು.