ಮಂಚದ ತಲೆದಿಕ್ಕಿನ ದೀಪಗಳು

ಎಣ್ಣೆ ತೀರುತ್ತ ಬಂದಾಗ ತೆಂಗಿನ ಹೋಳಿನ ಅಂಚು ಬತ್ತಿಯ ಬೆಂಕಿಗೆ ಸಿಕ್ಕಿ ಕರಕಲಾಗುವ ವಾಸನೆಯೊಂದಿದೆ. ಮೊದಲು ಕೊಬ್ಬರಿ ಹುರಿದ ಸಿಹಿ, ಹಿಂದೆಯೇ ಗಂಟಲಿಗೆ ಅಂಟುವ ಹೊಗೆ. ನಾನು ಅದನ್ನು ಮೊದಲು ಮೂಸಿದ್ದು ಭಾಗಮಂಡಲದ ಹತ್ತಿರದ ನಮ್ಮ ಮನೆಯಲ್ಲಿ, ಅಜ್ಜ ತೀರಿಹೋದ ದಿನ. ಮಕ್ಕಳನ್ನೆಲ್ಲ ಪಕ್ಕದ ಮನೆಗೆ ಕಳಿಸಿದ್ದರು. ನಾನೊಬ್ಬಳು ತಪ್ಪಿಸಿಕೊಂಡು ಬಂದು ಬಾಗಿಲ ಸಂದಿಯಿಂದ ನೋಡಿದ್ದೆ. ಅಜ್ಜನನ್ನು ದಕ್ಷಿಣಕ್ಕೆ ತಲೆ ಮಾಡಿ ಚಾಪೆಯ ಮೇಲೆ ಮಲಗಿಸಿದ್ದರು. ತಲೆಯ ಆಚೆಗೊಂದು ಈಚೆಗೊಂದು, ನೆಲದ ಮೇಲೆ, ಒಂದೇ ಕಾಯಿಯ ಎರಡು ಹೋಳುಗಳಲ್ಲಿ ದೀಪ ಉರಿಯುತ್ತಿತ್ತು.

ಈ ಫೆಬ್ರವರಿಯಲ್ಲಿ ಅದೇ ವಾಸನೆ ನನ್ನ ಮೂಗಿಗೆ ಮತ್ತೆ ಬಂತು. ಬರಲು ಕಾರಣವೇ ಇರಲಿಲ್ಲ. ನಾನು ನಿಂತಿದ್ದದ್ದು ವಿರಾಜಪೇಟೆಯಲ್ಲಿ, ನನ್ನ ಮಗ ವಸಂತ ಕಟ್ಟಿಸಿದ ಹೊಸ ಮನೆಯ ಗೆಸ್ಟ್ ರೂಮಿನಲ್ಲಿ. ಅಲ್ಲಿ ಎಣ್ಣೆ ಇರಲಿಲ್ಲ, ಬತ್ತಿ ಇರಲಿಲ್ಲ. ಹೊಸ ಪೇಂಟಿನ ಘಾಟು ಮಾತ್ರ ಇತ್ತು.

ಆ ಮನೆಯ ಒಳಾಂಗಣವನ್ನೆಲ್ಲ ಮಾಡಿದವಳು ಗಾನವಿ, ನನ್ನ ತಂಗಿಯ ಮೊಮ್ಮಗಳು. ಮೈಸೂರಿನಲ್ಲಿ ಹುಟ್ಟಿ ಬೆಳೆದು, ಅಲ್ಲೇ ಇಂಟೀರಿಯರ್ ಡಿಸೈನ್ ಓದಿ, ವಿರಾಜಪೇಟೆಗೆ ಬಂದು ಒಂದು ಬೇಕರಿಯ ಮಹಡಿಯಲ್ಲಿ ಆಫೀಸು ತೆರೆದಿದ್ದಳು. ಅಲ್ಲಿಯವರೆಗೆ ಅವಳಿಗೆ ಸಿಕ್ಕಿದ್ದು ಬಟ್ಟೆ ಅಂಗಡಿಯ ಶೋಕೇಸು, ಯಾರದ್ದೋ ಅಡುಗೆಮನೆಯ ಕಪಾಟು, ಇಂಥವು. ಇಡೀ ಮನೆಯೊಂದನ್ನು ನಂಬಿ ಅವಳ ಕೈಗೆ ಕೊಟ್ಟವನು ವಸಂತ. ನನ್ನ ಸೊಸೆ ಶ್ವೇತಗೆ ಮೊದಲು ಅಷ್ಟು ಧೈರ್ಯವಿರಲಿಲ್ಲ. ಕೆಲಸ ನೋಡುತ್ತ ನೋಡುತ್ತ ಬಂತು.

ನನಗೆ ಆ ಹುಡುಗಿ ಹಿಡಿಸಿದ್ದು ಅವಳ ಕೆಲಸಕ್ಕಿಂತ ಅವಳು ಪ್ರಶ್ನೆ ಕೇಳುವ ರೀತಿಗೆ. ಮನೆಗೆ ತಾರಸಿ ಹಾಕುವ ಮೊದಲೇ ನನ್ನ ಹತ್ತಿರ ಬಂದು ಕೂತಿದ್ದಳು. ಅಜ್ಜಿ ಎಲ್ಲಿ ಕೂತು ಓದ್ತೀರಿ, ರಾತ್ರಿ ಯಾವ ಮಗ್ಗುಲಿಂದ ಏಳ್ತೀರಿ, ಯಾವ ಕಣ್ಣಿಗೆ ಆಪರೇಷನ್ ಆಗಿದೆ. ನನ್ನ ಮಂಚದಿಂದ ಬಾತ್‌ರೂಮಿನವರೆಗೆ ಗೋಡೆಯ ಬುಡದಲ್ಲಿ ಸಣ್ಣ ಸಣ್ಣ ಬೆಳಕು ಇಡಿಸಿದಳು. ಕಾಲು ನೆಲಕ್ಕೆ ಇಟ್ಟರೆ ತಾನೇ ಹತ್ತಿಕೊಳ್ಳುತ್ತದೆ. ಕಣ್ಣಿಗೆ ಚುಚ್ಚುತ್ತದೋ ಎಂದು ನೋಡಲು ನನ್ನ ಹಾಸಿಗೆಯಲ್ಲಿ ತಾನೇ ಮಲಗಿ, ಎದ್ದು, ಮತ್ತೆ ಮಲಗಿ ಪರೀಕ್ಷೆ ಮಾಡಿದಳು. ಊಟದ ಮೇಜಿನ ಮೇಲೆ ತೂಗುವ ದೀಪಕ್ಕೆ ಶ್ವೇತ ಬಿಳಿ ಬಲ್ಬು ಬೇಕು ಅಂದಾಗ, "ಬೇಡ ಆಂಟಿ, ಬಿಳಿ ಲೈಟಲ್ಲಿ ಎಲ್ರೂ ಆಸ್ಪತ್ರೇಲಿ ಕೂತಂಗೆ ಕಾಣ್ತಾರೆ" ಅಂದು ಜೇನಿನ ಬಣ್ಣದ್ದನ್ನು ಹಾಕಿಸಿದಳು.

ಗೃಹಪ್ರವೇಶದ ಪೂಜೆ ಮುಗಿದಿತ್ತು. ನೆಂಟರಿಗೆ ಊಟ ಭಾನುವಾರ ಎಂದು ಇಟ್ಟುಕೊಂಡಿದ್ದೆವು. ಶನಿವಾರ ಸಂಜೆ ಗಾನವಿ ನನ್ನ ಕೈ ಹಿಡಿದು ಗೆಸ್ಟ್ ರೂಮಿಗೆ ಕರೆದುಕೊಂಡು ಹೋದಳು.

"ಕಣ್ಣು ಮುಚ್ಚಿ ಅಜ್ಜಿ. ಇದು ಇವತ್ತೇ ಹಾಕಿದ್ದು, ಆಂಟಿಗೂ ತೋರ್ಸಿಲ್ಲ."

ಕಣ್ಣು ಬಿಟ್ಟಾಗ ಕೋಣೆ ಅರೆಗತ್ತಲಾಗಿತ್ತು. ಮಂಚದ ತಲೆಯ ಎರಡೂ ಬದಿಗೆ, ನೆಲದ ಮೇಲೆ, ಒಂದೊಂದು ತೆಂಗಿನ ಚಿಪ್ಪು. ಬಾಯಿ ಮೇಲಾಗಿ ಇಟ್ಟಿದ್ದ ಆ ಚಿಪ್ಪುಗಳೊಳಗಿಂದ ಹಳದಿ ಬೆಳಕು ಎದ್ದು ಗೋಡೆಯ ಮೇಲೆ ಅಲುಗುತ್ತಿತ್ತು. ನಿಜವಾದ ಉರಿಯ ಹಾಗೆ ಅಲುಗುವ ಎಲ್‌ಇಡಿ ಅಂತೆ. ಮಂಚದ ತಲೆ ದಕ್ಷಿಣಕ್ಕಿತ್ತು.

"ಅಯ್ಯಪ್ಪನ ದೇವಸ್ಥಾನದಲ್ಲಿ ಕಾಯಿ ಹೋಳಲ್ಲಿ ದೀಪ ಹಚ್ತಾರಲ್ಲ, ಅದ್ನ ನೋಡಿ ಐಡಿಯಾ ಬಂದಿದ್ದು" ಅಂದಳು ಗಾನವಿ. "ಚಿಪ್ಪು ನಾನೇ ಉಜ್ಜಿ ಪಾಲಿಶ್ ಮಾಡಿದ್ದು, ನೋಡಿ, ಉಗುರೆಲ್ಲ ಹೋಗಿದೆ. ನಾಳೆ ತೀರ್ಥಪ್ರಸಾದ್ ಅಂಕಲ್ ಬರ್ತಾರಲ್ಲ, ಪಾಲಿಬೆಟ್ಟದ ಹೋಂಸ್ಟೇ ಕೆಲ್ಸ ಕೊಡ್ತೀನಿ ಅಂದಿದ್ದಾರೆ. ಮೊದ್ಲು ಈ ಮನೆ ನೋಡ್ಬೇಕಂತೆ. ಅವ್ರಿಗೇ ಅಂತ ಇದನ್ನ ಮಾಡಿದ್ದು. ಎಲ್ಲಾ ರೂಮಿಗೂ ಹೀಗೇ ಊರಿನ ವಸ್ತುವಿನಿಂದ ಮಾಡ್ಬಹುದು." ಸ್ವಲ್ಪ ತಡೆದು ಕೇಳಿದಳು, "ಸರಿ ಇದೆಯಾ ಅಜ್ಜಿ? ನಂಗೆ ಇಲ್ಲಿಯ ಪದ್ಧತಿ ಅಷ್ಟು ಗೊತ್ತಿಲ್ಲ. ತಪ್ಪಿದ್ರೆ ಹೇಳಿ, ರಾತ್ರಿಯೇ ತೆಗೀತೇನೆ."

ಇಷ್ಟು ಸ್ಪಷ್ಟವಾಗಿ ಕೇಳಿದ್ದಳು. ನನಗೆ ಆ ವಾಸನೆ ಬಂದದ್ದು ಆಗಲೇ. ಬಾಯಿ ತೆರೆದೆ. ಅವಳ ಮುಖ ನೋಡಿದೆ, ಬೆರಳ ತುದಿಗೆ ಸುತ್ತಿದ್ದ ಪ್ಲಾಸ್ಟರ್ ನೋಡಿದೆ. ಇದು ಬರೀ ಕರೆಂಟಿನ ದೀಪ, ನಾನು ಬಿ.ಎ. ಓದಿದವಳು, ಈಗಿನ ಕಾಲದಲ್ಲಿ ಇದನ್ನೆಲ್ಲ ಯಾರು ಗಮನಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

"ಚೆಂದ ಉಟ್ಟು ಮಗಾ" ಅಂದೆ, ಚೆನ್ನಾಗಿದೆ ಎಂದು.

ಅವಳು ನನ್ನನ್ನು ಅಪ್ಪಿಕೊಂಡಳು.

ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಶಾಮಿಯಾನ ಹಾಕಿ ಊಟಕ್ಕೆ ಮೇಜು ಜೋಡಿಸಿದ್ದರು. ಊಟಕ್ಕೆ ಮೊದಲು ಎಲ್ಲರಿಗೂ ಮನೆ ನೋಡುವ ಆಸೆ. ಎಲ್ಲರ ಮುಂದೆ ನನ್ನ ಯಜಮಾನರ ಅಕ್ಕ ರಂಗಮ್ಮ. ಎಂಬತ್ತು ದಾಟಿದವರು, ಊರುಗೋಲಿನಿಂದ ಹೊಸ ಟೈಲ್ಸನ್ನು ಕುಟ್ಟಿ ಪರೀಕ್ಷೆ ಮಾಡುತ್ತ ನಡೆದರು. ಅವರ ಹಿಂದೆ ಶ್ವೇತ, ನಾನು, ಇನ್ನಷ್ಟು ಹೆಂಗಸರು. ವಸಂತನ ಸ್ನೇಹಿತ ತೀರ್ಥಪ್ರಸಾದ್ ಫೋನಿನಲ್ಲಿ ಎಲ್ಲದರ ಫೋಟೋ ತೆಗೆಯುತ್ತಿದ್ದ. ಗಾನವಿ ಸೀರೆ ಉಟ್ಟು ಬಂದಿದ್ದಳು. ಒಂದೊಂದು ಸ್ವಿಚ್ಚಿನ ಹತ್ತಿರ ನಿಂತು ಬೆಳಕನ್ನು ಏರಿಸಿ ಇಳಿಸಿ ತೋರಿಸುತ್ತಿದ್ದಳು.

"ಬಲ್ಬೇ ಕಾಣ್ದಿಲ್ಲೆ, ಬೊಳ್ಪು ಮಾತ್ರ ಬಾತ್. ಎಲ್ಲಿ ಬಚ್ಚಿಟ್ಟೊಳ ಗೂಡೆ?" ಅಂದರು ರಂಗಮ್ಮ ಹಾಲಿನಲ್ಲಿ, ಬೆಳಕಿನ ಮೂಲ ಹುಡುಕುತ್ತ ಮಾಡಿನತ್ತ ಕತ್ತೆತ್ತಿ. ನಮ್ಮ ಮಾತಿನಲ್ಲಿ ಗೂಡೆ ಅಂದರೆ ಹುಡುಗಿ.

"ಸೀಲಿಂಗ್ ಅಂಚಲ್ಲಿ ಅಜ್ಜಿ, ಹಿಂದೆ ಇದೆ."

"ಕರೆಂಟ್ ಬಿಲ್ಲೂ ಹಂಗೇ ಬಚ್ಚಿಟ್ಟರೆ ವಸಂತಂಗೆ ಒಳ್ಳೇದಿತ್ತ್."

ಎಲ್ಲರೂ ನಕ್ಕರು. ಗಾನವಿಯೂ ನಕ್ಕಳು. ನಾನು ಮುಂದೆ ಹೋಗಿ ಗೆಸ್ಟ್ ರೂಮಿನ ಬಾಗಿಲು ಮುಚ್ಚಿಬಿಡಬೇಕು ಅಂದುಕೊಂಡೆ. ಅಷ್ಟರಲ್ಲಿ ರಂಗಮ್ಮ ಅದನ್ನು ಕೋಲಿನಿಂದ ತಳ್ಳಿ ಆಗಿತ್ತು. ಗಾನವಿ ಪರದೆ ಎಳೆದು ದೀಪ ಹಚ್ಚಿದಳು.

ನನ್ನ ಹಿಂದೆ ನಿಂತಿದ್ದ ಒಬ್ಬಾಕೆ ಮಗುವಿನ ಕಣ್ಣಿಗೆ ಕೈ ಅಡ್ಡ ಹಿಡಿದಳು. ರಂಗಮ್ಮ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಬಂದರು.

"ಎಂತ ಇದ್?" ಅಂದರು. ದನಿ ಸಣ್ಣದಾಗಿತ್ತು. "ಹೊಸ ಮನೇಲಿ, ತಲೆ ದಿಕ್ಕಿಗೆ, ಹೋಳುಕಾಯಿಲಿ ದೀಪ. ಯಾರ್ನ ಮಲ್ಗಿಸಿಕೆ ಈ ಮಂಚ?"

ಗಾನವಿಗೆ ಅರ್ಥವಾಗಲಿಲ್ಲ. ಸುತ್ತ ಇದ್ದವರ ಮುಖ ನೋಡಿದಳು. ಆಮೇಲೆ ಯಾರೋ ಮೆಲ್ಲಗೆ ಹೇಳಿದರು, ಹೆಣದ ತಲೆದಿಕ್ಕಿಗೆ ಇಡುವುದು ಹೀಗೆ ಎಂದು. ಅವಳ ಕಿವಿಯವರೆಗೆ ಕೆಂಪೇರಿತು. ಶ್ವೇತ ಹೋಗಿ ಪರದೆ ಸರಿಸಿದಳು.

"ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಗಾನವಿ. ಮನೆ ಒಕ್ಕಲಾಗಿ ಇನ್ನೂ ನಾಲ್ಕು ದಿನ ಆಗಿಲ್ಲ."

ರಂಗಮ್ಮ ನನ್ನ ಕಡೆ ತಿರುಗಿದರು. "ಅದ್ ಮೈಸೂರ್ಲಿ ಬೆಳ್ದ ಗೂಡೆ, ಅದಕ್ಕೆ ಗೊತ್ತಿಲ್ಲೆ. ನೀ ಈ ಮನೇಲೇ ಇರುವವಳ್ ಬೊಳ್ಳಮ್ಮ. ನೀ ನೋಡಿಲ್ಲೆನಾ?"

ಹತ್ತಾರು ಜನ ನನ್ನನ್ನು ನೋಡುತ್ತಿದ್ದರು.

"ನಾ ಈ ರೂಮಿಗೆ ಬಂದೇ ಇಲ್ಲೆ ಅಕ್ಕ" ಅಂದೆ.

ಗಾನವಿ ನನ್ನನ್ನು ಒಮ್ಮೆ ನೋಡಿದಳು, ಒಮ್ಮೆ ಮಾತ್ರ. ಅದರಲ್ಲಿ ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಕಣ್ಣು ಕೆಳಗೆ ಮಾಡಿ, "ಯಾರಿಗೂ ತೋರ್ಸಿರ್ಲಿಲ್ಲ. ಸರ್ಪ್ರೈಸ್ ಅಂತ ಇಟ್ಕೊಂಡಿದ್ದೆ. ತಪ್ಪು ನಂದೇ" ಅಂದಳು. ಬಗ್ಗಿ ಎರಡೂ ಚಿಪ್ಪುಗಳ ವೈರು ಕಿತ್ತು, ಸೆರಗಿನಲ್ಲಿ ಸುತ್ತಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದಳು. ಹೋಗುವಾಗ ನನ್ನ ಕಾಲಿಗೆ ವೈರು ತೊಡರದ ಹಾಗೆ ಮೇಲಕ್ಕೆತ್ತಿ ಹಿಡಿದಿದ್ದಳು. ಅದನ್ನು ನೋಡಿ ನನಗೆ ನಿಂತಲ್ಲೇ ಕರಗಿಹೋಗಬೇಕು ಅನಿಸಿತು.

ಹಾಲಿಗೆ ಬಂದ ಮೇಲೆ ತೀರ್ಥಪ್ರಸಾದ್ ವಸಂತನಿಗೆ ಹೇಳುತ್ತಿದ್ದ, "ನಮ್ಮ ಹೋಂಸ್ಟೇಲಿ ಇವ್ಳ ಕೈಲಿ ಮಾಡ್ಸಿದ್ರೆ ಗೆಸ್ಟಿಗೆ ಚೆಕ್‌ಔಟ್ ತಲೆನೋವೇ ಇಲ್ಲ ಮಾರಾಯ. ನೇರ ಮೇಲಕ್ಕೆ."

ಗಂಡಸರು ಜೋರಾಗಿ ನಕ್ಕರು. ವಸಂತ ನಗಲಿಲ್ಲ, ಬೈಯಲೂ ಇಲ್ಲ. "ಹುಡುಗಿ ಚೆನ್ನಾಗಿ ಕೆಲಸ ಮಾಡ್ತಾಳೆ" ಎಂದಷ್ಟೇ ಹೇಳಿದ. ತೀರ್ಥಪ್ರಸಾದ್ ಫೋನು ಹಿಡಿದುಕೊಂಡು ಬಾಲ್ಕನಿಗೆ ಹೋದ.

ನನಗೆ ಶಾಮಿಯಾನದ ಸೆಕೆ ಆಗುವುದಿಲ್ಲವೆಂದು ರಂಗಮ್ಮನ ಜೊತೆ ಒಳಗಿನ ಮೇಜಿನಲ್ಲಿ ಕೂರಿಸಿದರು. ಮೇಲೆ ಅದೇ ಜೇನು ಬಣ್ಣದ ದೀಪ ತೂಗುತ್ತಿತ್ತು. ಎದುರಿಗೆ ಕೂತ ಒಬ್ಬಾಕೆ, "ಈ ಲೈಟಲ್ಲಿ ನೀವು ಎಷ್ಟು ಲಕ್ಷಣವಾಗಿ ಕಾಣ್ತೀರಿ ಬೊಳ್ಳಮ್ಮಜ್ಜಿ" ಅಂದಳು. ಯಾರ ಮುಖದ ಸುಕ್ಕನ್ನೂ ಎತ್ತಿ ತೋರಿಸದ ಬೆಳಕು ಅದು, ಬೇಕೆಂದೇ ಹಾಗೆ ಆರಿಸಿದ್ದು. ಅದರ ಕೆಳಗೆ ಕೂತು ನನಗೆ ಒಂದು ತುತ್ತೂ ಇಳಿಯಲಿಲ್ಲ. ಕಿಟಕಿಯಾಚೆ ಗಾನವಿ ತನ್ನ ಪುಟ್ಟ ಕಾರಿನ ಹಿಂಬದಿಗೆ ಏಣಿ, ವೈರಿನ ಸುರುಳಿ, ಡ್ರಿಲ್ಲಿನ ಪೆಟ್ಟಿಗೆ ತುಂಬುತ್ತಿದ್ದಳು. ಅವಳನ್ನು ಊಟಕ್ಕೆ ಕರೆದವರು ಯಾರೂ ಇರಲಿಲ್ಲ.

ತೀರ್ಥಪ್ರಸಾದ್ ಕೈ ತೊಳೆಯಲು ಒಳಗೆ ಬಂದ. ಅವನು ಹೊರಟುಹೋದರೆ ಆಮೇಲೆ ನಾನು ಹೇಳಿಯೂ ಪ್ರಯೋಜನವಿರಲಿಲ್ಲ. ಎದ್ದು ನಿಂತೆ.

"ನಾ ನೋಡಿದ್ದೆ" ಅಂದೆ.

ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಎದುರಿನವಳು ನನಗೆ ನೀರು ಬೇಕೆಂದುಕೊಂಡು ಲೋಟ ತಳ್ಳಿದಳು. ನಾನು ಮೇಜಿನ ಅಂಚು ಹಿಡಿದುಕೊಂಡು ಮತ್ತೊಮ್ಮೆ, ಜೋರಾಗಿ ಹೇಳಿದೆ.

"ಆ ದೀಪ ನಾ ನಿನ್ನೆಯೇ ನೋಡಿದ್ದೆ. ಗಾನವಿ ನನ್ನ ಕರ್ಕೊಂಡು ಹೋಗಿ ತೋರ್ಸಿದ್ಲು. ತಪ್ಪಿದ್ರೆ ಹೇಳಿ, ತೆಗೀತೇನೆ ಅಂದ್ಲು. ಅದ್ ಎಂತ ಅಂತ ನಂಗೆ ಗೊತ್ತಾಗಿತ್ತ್. ಆದ್ರೂ ಚೆಂದ ಉಟ್ಟು ಅಂದೆ. ಆಗ ಅಕ್ಕ ಕೇಳಿದಾಗ ಸುಳ್ಳು ಹೇಳ್ದೆ."

ನೀರಿನ ನಲ್ಲಿ ಹರಿಯುತ್ತಿತ್ತು. ತೀರ್ಥಪ್ರಸಾದ್ ಅದನ್ನು ನಿಲ್ಲಿಸಿದ. ಬಡಿಸುತ್ತಿದ್ದ ಶ್ವೇತಳ ಕೈಯಲ್ಲಿ ಸೌಟು ಹಾಗೇ ಉಳಿಯಿತು.

"ಯಾಕೆ ಹೇಳಿಲ್ಲೆ?" ಕೇಳಿದರು ರಂಗಮ್ಮ.

"ಅದರ ಮುಖ ನೋಡಿ ಹೇಳಿಕೆ ಆತಿಲ್ಲೆ."

"ನಿನ್ನ ಬಿ.ಎ.ಲಿ ಇದನ್ನೇ ಕಲ್ಸಿದ್ದಾ? ನಿನ್ನೆ ನಿನ್ನ ಒಬ್ಬಳ ಎದ್ರು ಅದರ ಮುಖ ಸಣ್ಣ ಮಾಡಿಕೆ ಆತಿಲ್ಲೆ, ಇಂದ್ ಊರೆಲ್ಲರ ಎದ್ರು ಮಾಡ್ಸಿದೆ."

ನನ್ನ ಮೆದುತನವನ್ನು ಜೀವಮಾನವಿಡೀ ಎಲ್ಲರೂ ಹೊಗಳಿದ್ದಾರೆ, ನಾನೂ ಅದನ್ನು ನಂಬಿದ್ದೆ.

ತೀರ್ಥಪ್ರಸಾದ್ ಟವೆಲಿನಿಂದ ಕೈ ಒರೆಸಿಕೊಂಡ. ಅವನ ಮುಖವೂ ಚಿಕ್ಕದಾಗಿತ್ತು. "ಅಮ್ಮ, ನಾನಾಗ್ಲೇ ಬೆಂಗಳೂರಿನ ಬೇರೆ ಡಿಸೈನರಿಗೆ ಫೋನ್ ಮಾಡಿ ಹೋಂಸ್ಟೇ ಕೆಲ್ಸಕ್ಕೆ ಹ್ಞೂಂ ಅಂದುಬಿಟ್ಟೆ" ಅಂದ. "ಅರ್ಧ ಗಂಟೆ ಮೊದ್ಲು ಹೇಳಿದ್ರೆ ಬೇರೆ ಮಾತಿತ್ತು. ಕೊಟ್ಟ ಮಾತು, ಎಂತ ಮಾಡೋದು ಹೇಳಿ." ಹೊರಗೆ ಹೋಗುವಾಗ ಗಾನವಿಯ ಕಾರಿನ ಹತ್ತಿರ ನಿಂತು ಏನೋ ಹೇಳಿದ. ಅವಳು ತಲೆಯಾಡಿಸಿದಳು. ಏಣಿಯ ಒಂದು ತುದಿ ಹಿಡಿದು ಒಳಗೆ ತಳ್ಳಲು ಸಹಾಯ ಮಾಡಿ, ತನ್ನ ಜೀಪು ಹತ್ತಿದ.

ಮೇಜಿನಲ್ಲಿ ಮತ್ತೆ ಮಾತು ಶುರುವಾಯಿತು, ಬೇರೆ ವಿಷಯ, ಮೆಣಸಿನ ಕೊಯ್ಲು, ಯಾರದ್ದೋ ಮಗಳ ನಿಶ್ಚಿತಾರ್ಥ. ಶ್ವೇತ ನನ್ನ ಕಡೆ ನೋಡದೆ ಅಡುಗೆಮನೆಗೆ ಹೋದಳು. ನಾನು ಗೋಡೆ ಹಿಡಿದುಕೊಂಡು ಹಿಂಬದಿಯ ಮೆಟ್ಟಿಲಿಗೆ ಬಂದೆ. ರಂಗಮ್ಮ ನನ್ನ ಹಿಂದೆಯೇ ಬಾಗಿಲವರೆಗೆ ಬಂದರು.

"ನನ್ನ ಅಡಿಗೆಮನೇಲಿ ಪಾತ್ರೆಯ ಬುಡವೇ ಕಾಣ್ದಿಲ್ಲೆ" ಅಂದರು. "ಆ ಗೂಡೆಗೆ ಒಂದ್ಸಲ ಬಂದ್ ನೋಡಿಕೆ ಹೇಳ್. ಚಿಪ್ಪು ಬೊತ್ತು, ಬೇಡವೇ ಬೇಡ ಅಂತಲೂ ಹೇಳ್."

ಗಾನವಿ ಮೆಟ್ಟಿಲ ಕೆಳಗೆ, ನಲ್ಲಿಯ ಹತ್ತಿರ, ಸೀರೆಯ ಅಂಚಿಗೆ ಹತ್ತಿದ ಮಣ್ಣು ತೊಳೆಯುತ್ತಿದ್ದಳು. ನಾನು ಬಂದದ್ದು ನೋಡಿ ಎದ್ದು, ನನಗೆ ಕೂರಲು ಮೆಟ್ಟಿಲನ್ನು ಕೈಯಿಂದ ಒರೆಸಿದಳು. ಇಬ್ಬರೂ ಕೂತೆವು.

"ಕೆಲ್ಸ ಹೋಯ್ತಲ್ಲ ಮಗಾ" ಅಂದೆ.

"ಹ್ಞೂಂ."

"ನನ್ನಿಂದ."

ಅವಳು ಅಲ್ಲ ಅನ್ನಲಿಲ್ಲ. ಅನ್ನುತ್ತಾಳೆಂದು ಒಂದು ಕ್ಷಣ ಕಾದ ನನ್ನ ಆಸೆಗೂ ನನಗೆ ನಾಚಿಕೆಯಾಯಿತು. ಸೀರೆಯ ಒದ್ದೆ ಅಂಚು ಹಿಂಡುತ್ತ, "ನೀವು ನಿನ್ನೆ ಹೇಳಿದ್ರೆ ನಂಗೆ ಅಳು ಬರ್ತಿತ್ತು ಅಜ್ಜಿ, ಅಷ್ಟೇ" ಅಂದಳು. "ಅತ್ತು, ತೆಗ್ದು, ಬೇರೆ ಹಾಕ್ತಿದ್ದೆ."

"ಇನ್ನು ಮೇಲೆ ಕೇಳಿದ್ರೆ ಹೇಳ್ತೇನೆ."

"ಇನ್ನು ಮೇಲೆ ಕೇಳ್ತೀನೋ ಇಲ್ವೋ ಗೊತ್ತಿಲ್ಲ" ಅಂದಳು. ಮಾತು ಗಟ್ಟಿಯಾಗಿತ್ತು, ಆದರೆ ಅವಳು ಪಕ್ಕದಿಂದ ಎದ್ದು ಹೋಗಲಿಲ್ಲ. ರಂಗಮ್ಮನ ಅಡುಗೆಮನೆಯ ವಿಷಯ ಹೇಳಿದೆ. ಕಿಟಕಿ ಯಾವ ದಿಕ್ಕಿಗಿದೆ ಎಂದು ಕೇಳಿದಳು. ನನಗೆ ನೆನಪಿರಲಿಲ್ಲ. ಸುಮ್ಮನೆ ಏನೋ ಒಂದು ಹೇಳುವ ಬದಲು, ಗೊತ್ತಿಲ್ಲ ಅಂದೆ.

ಹಿಂದೆ ಬಾಗಿಲು ಸರಿಯಿತು. ಶ್ವೇತ ಎರಡು ಕೈಯಲ್ಲಿ ಎರಡು ತಟ್ಟೆ ಹಿಡಿದು ನಿಂತಿದ್ದಳು. ಶಾವಿಗೆಯಂಥ ನೂಲ್ಪುಟ್ಟು, ಕೋಳಿ ಸಾರು, ಬದಿಯಲ್ಲಿ ಒಂದಿಷ್ಟು ಅನ್ನ. ಅವಳ ಕಣ್ಣಿನ ಸುತ್ತ ಕೆಂಪಾಗಿತ್ತು. ಮೆಟ್ಟಿಲಿಳಿದು ಬಂದು, ಮೊದಲು ಗಾನವಿಯ ಮುಂದೆ ಬಗ್ಗಿ ಒಂದನ್ನು ಕೊಟ್ಟಳು. ಇನ್ನೊಂದರಲ್ಲಿ ಕೋಳಿಯ ಮೂಳೆಯನ್ನೆಲ್ಲ ಬಿಡಿಸಿ ತೆಗೆದಿದ್ದಳು. ಅದನ್ನು ಮಾತಿಲ್ಲದೆ ನನ್ನ ಮಡಿಲಿಗೆ ಇಟ್ಟಳು.